ಕುದುರೆಯೂ ಹಂದಿಯೂ ಆದ ಕಡಲಜೀವಿಗಳು: ಇಂಗ್ಲಿಷಿನಲ್ಲಿ ಅಳಿದ ಕೆಲವು ಹೆಸರುಗಳು

ಒಂದು ಭಾಷೆಯ ಚರಿತ್ರೆಯನ್ನು ಅದರಲ್ಲಿ ಉಳಿದ ಪದಗಳಿಂದ ಮಾತ್ರವಲ್ಲದೆ ಅಳಿದ ಪದಗಳಿಂದಲೂ ಅರಿಯಬಹುದು. ಕಡಲಜೀವಿಗಳಿಗೆ ಇಂಗ್ಲಿಷಿನಲ್ಲಿದ್ದ ಹಳೆಯ ಹೆಸರುಗಳು ಇದಕ್ಕೆ ತಕ್ಕ ನಿದರ್ಶನ.

9ನೆಯ ಶತಮಾನದ ಕೊನೆಯ ಭಾಗದಲ್ಲಿ ಓಹ್ತೆರೆ ಎಂಬ ನಾರ್ವೆಯ ನಾವಿಕನು ಆಲ್ಫ್ರೆಡ್ ದೊರೆಗೆ ತನ್ನ ಉತ್ತರಯಾನದ ವೃತ್ತಾಂತವನ್ನು ಹೇಳಿದನು. ಒರೋಸಿಯಸನ ಲ್ಯಾಟಿನ್ ಚರಿತ್ರೆಯ ಹಳೆಯ ಇಂಗ್ಲಿಷ್ ಅನುವಾದದಲ್ಲಿ ಅದು ಸೇರಿಕೊಂಡಿದೆ. ಅಲ್ಲಿ ಬರುವ ‘ಹೋರ್ಸ್‌ಹ್ವೆಲ್’ ಎಂಬುದರ ಅರ್ಥ ‘ಕುದುರೆ ತಿಮಿಂಗಿಲ’. ಅದು ಇಂದಿನ ವಾಲ್ರಸ್. ಅದರ ಕೆಲವು ದಂತಗಳನ್ನು ಓಹ್ತೆರೆ ದೊರೆಗೆ ತಂದಿದ್ದನು. ಅದರ ತೊಗಲು ಹಡಗಿನ ಹಗ್ಗಕ್ಕೆ ಒದಗುತ್ತಿತ್ತು. ಈ ಪದ ಬಳಕೆ ತಪ್ಪಿತು. ಮುಂದೆ ಆ ಪ್ರಾಣಿಗೆ ‘ಮೋರ್ಸ್’ ಎಂಬ ಹೆಸರು ಬಂದಿತು. ಇದರ ಮೂಲವನ್ನು ಉತ್ತರದ ಸಾಮಿ ಜನರ ನುಡಿಯಲ್ಲಿ ಗುರುತಿಸುತ್ತಾರೆ. ರಷ್ಯನ್ ಭಾಷೆಯ ‘ಮೋರ್ಜ್’ ಇದರ ಬಂಧು. 17ನೆಯ ಶತಮಾನದಲ್ಲಿ ಡಚ್ ಭಾಷೆಯಿಂದ ‘ವಾಲ್ರಸ್’ ಬಂದು ನೆಲೆಗೊಂಡಿತು. ‘ತಿಮಿಂಗಿಲ’ ಮತ್ತು ‘ಕುದುರೆ’ ಎಂಬ ಹಳೆಯ ಅಂಶಗಳೇ ಇದರಲ್ಲಿ ಹಿಂದುಮುಂದಾಗಿವೆ ಎಂಬುದು ಒಂದು ಅಭಿಪ್ರಾಯ. ಆಕ್ಸ್‌ಫರ್ಡ್ ನಿಘಂಟಿಗಾಗಿ ಈ ಪದದ ನಿಷ್ಪತ್ತಿಯನ್ನು ಮತ್ತೆ ಮತ್ತೆ ಬರೆದು ತಿದ್ದಿದವರು ತರುಣ ವಿದ್ವಾಂಸ ಜೆ. ಆರ್. ಆರ್. ಟೋಲ್ಕಿನ್.

‘ಮಿಯರ್‌ಸ್ವೈನ್’ ಎಂಬುದರ ಕಥೆ ಬೇರೆ ಬಗೆಯದು. ‘ಕಡಲಹಂದಿ’ ಎಂಬರ್ಥದ ಈ ಅಚ್ಚ ಇಂಗ್ಲಿಷ್ ಪದ ಡಾಲ್ಫಿನ್ನಿಗೂ ಪೋರ್ಪಸ್ಸಿಗೂ ಸಲ್ಲುತ್ತಿತ್ತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಅರಮನೆ ಮತ್ತು ಸಿರಿವಂತರ ಅಡುಗೆಮನೆಗಳ ನುಡಿ ಫ್ರೆಂಚ್ ಆಯಿತು. ಮಾಂಸ ವರ್ಜ್ಯವಾದ ಕ್ರೈಸ್ತ ಉಪವಾಸದ ದಿನಗಳಲ್ಲಿ ಮೀನೆಂದೇ ಎಣಿಸಿ ಉಣ್ಣುತ್ತಿದ್ದ ಈ ಜೀವಿಗೆ ‘ಪೋರ್ಪಸ್’ ಎಂಬ ಹೆಸರು ನಿಂತಿತು. ಅದರ ಲ್ಯಾಟಿನ್ ಮೂಲಕ್ಕೆ ‘ಹಂದಿಮೀನು’ ಎಂದರ್ಥ. ಹೆಸರು ಬದಲಾಯಿತು, ಹಂದಿ ಬದಲಾಗಲಿಲ್ಲ! ಇತ್ತ ಫ್ರೆಂಚರು ತಮ್ಮ ಪದವನ್ನು ಬಿಟ್ಟು, ಜರ್ಮಾನಿಕ್ ಮೂಲದ ‘ಮಾರ್ಸ್ವೆಂ’ ಎಂಬುದನ್ನು ಉಳಿಸಿಕೊಂಡರು. ಅದರ ಅರ್ಥವೂ ‘ಕಡಲಹಂದಿ’ಯೇ. ಪದವು ಅರ್ಥದ ಕೊರತೆಯಿಂದ ಅಳಿಯುವುದಿಲ್ಲ, ಅದನ್ನಾಡುವವರ ಸ್ಥಾನ ಕುಸಿದಾಗ ಅಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ. ಸ್ಕಾಟ್ಸ್ ನುಡಿಯಲ್ಲಿ ಮಾತ್ರ ಹಳೆಯ ಪದ ಬಹುಕಾಲ ಬಾಳಿತು.

ಈ ವಿಚಾರ ಕೇವಲ ಕುತೂಹಲದ್ದಲ್ಲ. 17ನೆಯ ಶತಮಾನದ ಉತ್ತರಧ್ರುವ ಯಾನದ ಬರಹಗಳಲ್ಲಿ ವಾಲ್ರಸ್ಸಿಗೆ ‘ಸೀ ಹಾರ್ಸ್’ ಎಂಬ ಹೆಸರೂ ಉಂಟು. ಇಂದಿನ ಅರ್ಥವನ್ನು ನಂಬಿ ಅದನ್ನು ‘ಕಡಲಕುದುರೆ’ ಎಂದು ಅನುವಾದಿಸಿದರೆ, ಹಿಮದ ಮೇಲೆ ಮಲಗಿದ ದಂತಧಾರಿ ದೈತ್ಯವು ಬೆರಳುದ್ದದ ಮೀನಾಗಿಬಿಡುತ್ತದೆ. ಹಳೆಯ ಪಠ್ಯವನ್ನು ಅದರ ಕಾಲದ ನಿಘಂಟಿನೊಡನೆ ಓದಬೇಕಾದುದು ಇದಕ್ಕಾಗಿಯೇ.