ರೈಫಲ್ ನಳಿಗೆಯ ಭುಜವೂ ನಟ್ಟೂ

ವೈಯಾಕರಣರಿಗೆ ಸಂಧಿಯ ವಿಚಾರವು ಎಷ್ಟು ಮುಖ್ಯವೋ ಶಸ್ತ್ರಶಿಲ್ಪಿಗಳಿಗೆ ನಳಿಗೆಯು ಕೋವಿಯ ಒಡಲನ್ನು ಸೇರುವ ಸ್ಥಾನವು ಅಷ್ಟೇ ಮುಖ್ಯವಾದುದು. ತೋಟಾದ ಬುಡಕ್ಕೆ ಆಧಾರವಾಗಿ ನಿಲ್ಲುವ ಬೋಲ್ಟಿನ ಮುಖಕ್ಕೂ, ತೋಟಾ ಮುಂದಕ್ಕೆ ಸರಿಯದಂತೆ ತಡೆಯುವ ನಳಿಗೆಯ ಭಾಗಕ್ಕೂ ನಡುವಣ ಅವಕಾಶವನ್ನು ಅವರು ಹೆಡ್‌ಸ್ಪೇಸ್ ಎನ್ನುವರು. ಇದು ಕಡಿಮೆಯಾದರೆ ಬೋಲ್ಟು ಮುಚ್ಚದು. ಮಿತಿಮೀರಿದರೆ ಮದ್ದು ಸಿಡಿದಾಗ ತೋಟಾದ ಹಿತ್ತಾಳೆಯ ಕೋಶವು ಜಗ್ಗಿ ಬುಡದ ಬಳಿ ಹರಿಯುವುದು. ಉರಿಯುವ ಅನಿಲವು ಕೋವಿ ಹಿಡಿದವನ ಮುಖದ ಕಡೆಗೆ ನುಗ್ಗುವುದೂ ಉಂಟು.

ಬ್ರಿಟಿಷರ .303 ತೋಟಾಕ್ಕೆ ಬುಡದಲ್ಲಿ ಹೊರಚಾಚಿದ ಅಂಚಿತ್ತು. ಈ ಅವಕಾಶವನ್ನು ಅಂಚಿನ ಬಳಿಯೇ ಅಳೆಯುತ್ತಿದ್ದರು. ಕನಿಷ್ಠವು 0.064 ಅಂಗುಲ, ಸೈನ್ಯದ ಬಳಕೆಯಲ್ಲಿ ಗರಿಷ್ಠವು 0.074 ಅಂಗುಲ. ಲೀ-ಎನ್‌ಫೀಲ್ಡ್ ನಾಲ್ಕನೆಯ ಮಾದರಿಯಲ್ಲಿ ನಳಿಗೆಯನ್ನು ಮುಟ್ಟದೆಯೇ, 0ರಿಂದ 3ರವರೆಗೆ ಅಂಕಿತವಾದ ಬೋಲ್ಟು ತಲೆಗಳಲ್ಲಿ ತಕ್ಕುದನ್ನು ಆರಿಸಿ ಸರಿಪಡಿಸುತ್ತಿದ್ದರು. ನಮ್ಮ ದೇಶದಲ್ಲಿ ಬಂಗಾಳದ ಈಶಾಪುರದ ಕಾರ್ಖಾನೆಯು ಈ ವಂಶದ ಕೋವಿಗಳನ್ನೇ ಮಾಡುತ್ತಿದ್ದು, 1960ರ ದಶಕದಲ್ಲಿ ಅವನ್ನು ಅಂಚು ಚಾಚದ 7.62 ಮಿಲಿಮೀಟರಿನ ತೋಟಾಕ್ಕೆ ಅಳವಡಿಸಿತು. ಇಂಥ ತೋಟಾವು ನಿಲ್ಲುವುದು ತನ್ನ ಭುಜದ ಮೇಲೆ. ತೋಟಾದ ಭುಜ ಬೇರೆ, ನಳಿಗೆಯ ಭುಜ ಬೇರೆ ಎಂಬುದನ್ನು ವಾಚಕರು ಮರೆಯಬಾರದು.

ನಳಿಗೆಯ ಭುಜವೆಂದರೆ ತಿರುಪಿನ ಕೊನೆಯಲ್ಲಿ ಕಡೆದು ಉಳಿಸಿದ ಮೆಟ್ಟಿಲು. ಅದು ಒಡಲಿನ ಮುಂಭಾಗಕ್ಕೆ ಬಿಗಿಯಾಗಿ ಒತ್ತಿ ನಿಂತ ಮೇಲೆ ನಳಿಗೆಗೆ ಚಲನೆಯಿಲ್ಲ. 1936ರ ವಿಂಚೆಸ್ಟರ್ 70ನೆಯ ಮಾದರಿಯು ಹೀಗಿತ್ತು. 1898ರ ಮೌಸರಿನಲ್ಲಾದರೋ ನಳಿಗೆಯ ಹಿಂತುದಿಯು ಒಡಲಿನೊಳಗಣ ಬಳೆಗೆ ಒತ್ತುವುದರಿಂದ ಅದನ್ನು ಗೂಢಭುಜವೆನ್ನಬಹುದು. ಈ ಕ್ರಮದಲ್ಲಿ ತೋಟಾದ ಕೋಣೆಯನ್ನು ಮೊದಲು ತುಸು ಕಡಿಮೆ ಆಳಕ್ಕೆ ಕೊರೆದು, ನಳಿಗೆಯನ್ನು ಕೂಡಿಸಿದ ಬಳಿಕ ರೀಮರಿನಿಂದ ಸ್ವಲ್ಪಸ್ವಲ್ಪವಾಗಿ ಮುಗಿಸುವರು. ಕೈ ತಪ್ಪಿ ಆಳ ಹೆಚ್ಚಾಯಿತೋ, ನಳಿಗೆಯನ್ನು ಬಿಚ್ಚಿ ಭುಜವನ್ನು ಮತ್ತೆ ಲೇಥಿನಲ್ಲಿ ಕಡೆದು ಹಿಂದಕ್ಕೆ ತರಬೇಕು. ಪ್ರಮಾಣವೆಲ್ಲ ಕಮ್ಮಾರನ ಹಸ್ತದಲ್ಲಿದೆ.

1958ರಲ್ಲಿ ಅಮೆರಿಕದ ಸ್ಯಾವೇಜ್ ಕಂಪನಿಯು ನಿಕೊಲಸ್ ಬ್ರೂವರನು ಕಲ್ಪಿಸಿದ 110ನೆಯ ಮಾದರಿಯನ್ನು ಹೊರತಂದಿತು. ಅದರ ನಳಿಗೆಗೆ ಭುಜವಿಲ್ಲ. ಉದ್ದವಾದ ತಿರುಪಿನ ಮೇಲೆ ಒಂದು ನಟ್ಟು, ಅಷ್ಟೇ. ಉಕ್ಕಿನ ಗೇಜನ್ನು ಕೋಣೆಯಲ್ಲಿಟ್ಟು ಬೋಲ್ಟನ್ನು ಮುಚ್ಚಿ, ನಳಿಗೆಯು ಗೇಜಿಗೆ ತಾಗುವವರೆಗೆ ತಿರುಗಿಸಿ ನಟ್ಟನ್ನು ಬಿಗಿಯುವರು. ಅನಂತರ ತುಸು ಉದ್ದವಾದ ಇನ್ನೊಂದು ಗೇಜನ್ನಿಟ್ಟು, ಅದರ ಮೇಲೆ ಬೋಲ್ಟು ಮುಚ್ಚದಿರುವುದನ್ನು ಪರೀಕ್ಷಿಸುವರು. ಅಗ್ಗದ ಕೋವಿಗೆಂದು ಹುಟ್ಟಿದ ಉಪಾಯವಾದ್ದರಿಂದ ಇದನ್ನು ಹೀನವೆನ್ನುವವರಿದ್ದಾರೆ. ಇದು ಒಪ್ಪತಕ್ಕ ಮಾತಲ್ಲ: ಬೆಲೆಯ ಅಲ್ಪತೆಯಿಂದ ಅಳತೆಯ ಅಲ್ಪತೆಯು ಸಿದ್ಧವಾಗದು. ನಟ್ಟಿನ ನಿಜವಾದ ದೋಷವು ಬೇರೆ. ನಳಿಗೆಯನ್ನು ಬಿಚ್ಚಿ ಜೋಡಿಸಿದಾಗಲೆಲ್ಲ ಗೇಜು ಬೇಕು. ಭುಜವಾದರೋ ತನ್ನ ಪೂರ್ವಸ್ಥಾನಕ್ಕೆ ತಾನೇ ಮರಳುವುದು.

ಇಲ್ಲಿ ನಾಮಸಾಮ್ಯದಿಂದ ಭ್ರಾಂತಿಯೂ ಸಂಭವಿಸುತ್ತದೆ. ಯೂಜಿನ್ ಸ್ಟೋನರನ ಏ.ಆರ್.-15 ಕೋವಿಯಲ್ಲಿಯೂ ನಳಿಗೆಯ ನಟ್ಟೆಂಬುದುಂಟು. ಆದರೆ ಅಲ್ಲಿ ಬೋಲ್ಟು ಸಿಕ್ಕಿಕೊಳ್ಳುವುದು ನಳಿಗೆಗೇ ತಿರುಪಿನಿಂದ ಕೂಡಿಸಿದ ಉಕ್ಕಿನ ತುಂಡಿಗೆ. ಅವಕಾಶವು ಅಲ್ಲಿಯೇ ನಿರ್ಣೀತವಾಗಿರುವುದು. ಆ ನಟ್ಟು ಕೇವಲ ಬಂಧಕ, ಸ್ಯಾವೇಜಿನದು ಬಂಧಕವೂ ನಿಯಾಮಕವೂ ಹೌದು.

ಈಚೆಗೆ ಕೆಲವು ಕಾರ್ಖಾನೆಗಳು ಒಡಲುಗಳನ್ನು ಒಂದಕ್ಕೊಂದು ಅತ್ಯಲ್ಪ ಭೇದದಿಂದ ಕಡೆಯುವುದರಿಂದ, ಭುಜವನ್ನೂ ಕೋಣೆಯನ್ನೂ ಮೊದಲೇ ಮುಗಿಸಿದ ನಳಿಗೆಗಳು ಮಾರಾಟಕ್ಕೆ ಬರುತ್ತಿವೆ. ರೀಮರಿನ ಕೆಲಸವೂ ಇಲ್ಲ, ನಟ್ಟೂ ಇಲ್ಲ. ಗೇಜಿನ ಪರೀಕ್ಷೆ ಮಾತ್ರ ಉಳಿದಿದೆ.