ಎರಡು ಗೋಲಿ, ಮೂರು ಲೆಕ್ಕ

ಎರಡು ಗೋಲಿ, ಎರಡು ಜೇಬು. ಎಷ್ಟು ಬಗೆಯಲ್ಲಿ ಹಾಕಬಹುದು? ಗೋಲಿ ಒಂದು ಕೆಂಪು, ಇನ್ನೊಂದು ನೀಲಿಯಾದರೆ ಮಕ್ಕಳು ನಾಲ್ಕು ಬಗೆ ಎಣಿಸುತ್ತಾರೆ: ಎರಡೂ ಎಡಕ್ಕೆ, ಎರಡೂ ಬಲಕ್ಕೆ, ಕೆಂಪು ಎಡಕ್ಕೆ ನೀಲಿ ಬಲಕ್ಕೆ, ನೀಲಿ ಎಡಕ್ಕೆ ಕೆಂಪು ಬಲಕ್ಕೆ. ಬೆಳಕಿನ ಕಣಗಳಿಗೆ ಮಾತ್ರ ಕೊನೆಯ ಎರಡೂ ಒಂದೇ. ಲೆಕ್ಕ ಮೂರಕ್ಕೇ ನಿಲ್ಲುತ್ತದೆ. 1924ರಲ್ಲಿ ಹೀಗೆ ಎಣಿಸಿದವರು ಢಾಕಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ 30 ವರ್ಷದ ಸತ್ಯೇಂದ್ರನಾಥ ಬೋಸ್.

‘ಒಂದಕ್ಕೆ ಶಾಯಿಯ ಗುರುತು ಹಾಕಿದರಾಯಿತಲ್ಲ?’ ಎಂದು ಮಗು ಕೇಳೀತು. ಒಳ್ಳೆಯ ಪ್ರಶ್ನೆಯೇ. ಗೋಲಿಗೆ ಹಾಕಬಹುದು, ಬೆಳಕಿನ ಕಣಕ್ಕೆ ಆಗದು. ಪಾಸ್‌ಬುಕ್ಕಿನಲ್ಲಿರುವ ಎರಡು ರೂಪಾಯಿಯಲ್ಲಿ ಅಪ್ಪ ಕಟ್ಟಿದ್ದು ಯಾವುದು, ಅಮ್ಮ ಕಟ್ಟಿದ್ದು ಯಾವುದು ಎಂದು ಹೇಳಲಾದೀತೆ? ಹಾಗೆಯೇ ಇದು. ಮೂರೂ ಬಗೆಗೆ ಸಮಪಾಲು ಸಿಕ್ಕಾಗ, ಎರಡೂ ಒಂದೇ ಜೇಬು ಸೇರುವ ಸಂಭವ ಅರ್ಧದಿಂದ ಮೂರರಲ್ಲಿ ಎರಡಕ್ಕೆ ಏರುತ್ತದೆ. ಈ ಕಣಗಳು ಗುಂಪು ಕಟ್ಟುತ್ತವೆ ಎನ್ನುವುದು ಇದಕ್ಕೇ.

ಬೋಸ್ ಕಳಿಸಿದ ಲೇಖನವನ್ನು ಐನ್‌ಸ್ಟೈನ್ ತಾವೇ ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಿಸಿದರು. ಇಂಥ ಕಣಗಳಿಗೆ ‘ಬೋಸಾನ್’ ಎಂದು ಹೆಸರಿಟ್ಟವರು ಡಿರಾಕ್. ಇಷ್ಟು ಎಲ್ಲರೂ ಬಲ್ಲರು. ಪರಮಾಣು, ನಕ್ಷತ್ರಗಳ ಬಗ್ಗೆ ರವೀಂದ್ರನಾಥ ಟಾಗೋರರು ಸರಳ ಬಂಗಾಳಿಯಲ್ಲಿ ಬರೆದ ‘ವಿಶ್ವಪರಿಚಯ’ 1937ರಲ್ಲಿ ಅರ್ಪಣೆಯಾದದ್ದು ಬೋಸರಿಗೇ ಎಂಬುದು ಮಾತ್ರ ಅಷ್ಟಾಗಿ ಯಾರ ನೆನಪಿಗೂ ಬರುವುದಿಲ್ಲ. ವಿಜ್ಞಾನ ತಾಯ್ನುಡಿಗೆ ಒಗ್ಗದೆಂಬ ಮಾತನ್ನು ಬೋಸ್ ಒಪ್ಪಲೇ ಇಲ್ಲ. 1948ರಲ್ಲಿ ಕಲ್ಕತ್ತೆಯಲ್ಲಿ ಬಂಗೀಯ ವಿಜ್ಞಾನ ಪರಿಷತ್ತು ಕಟ್ಟಿದರು. ಅದರ ಬಂಗಾಳಿ ಪತ್ರಿಕೆ ‘ಜ್ಞಾನ ಓ ವಿಜ್ಞಾನ’ ಆ ವರ್ಷವೇ ಹೊರಬಂತು.