ಸಿಡುಕನ ತಲೆಗೆ ಕಟ್ಟಿದ ಸೋಲು: 1962ರ ಯುದ್ಧದ ಬರಹಗಳಲ್ಲಿ ಕೃಷ್ಣ ಮೆನನ್

1962ರ ಚೀನಾ ಯುದ್ಧದ ಮಾತು ಬಂದಾಗಲೆಲ್ಲ ಕನ್ನಡದ ಅಂಕಣಗಳಲ್ಲಿ ಓದಲು ಸಿಗುವುದು ಹೆಚ್ಚುಕಡಿಮೆ ಒಂದೇ ಕಥೆ. ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಸಿಡುಕರು, ಅಹಂಕಾರಿ. ಸೇನಾ ಮುಖ್ಯಸ್ಥ, ಕೊಡಗಿನ ಜನರಲ್ ತಿಮ್ಮಯ್ಯನವರನ್ನು ರಾಜೀನಾಮೆ ಕೊಡುವ ಮಟ್ಟಕ್ಕೆ ನೋಯಿಸಿದರು. ಹೀಗಾಗಿ ದೇಶ ಸೋತಿತು. ಮೆನನ್ನರ ಮುಂಗೋಪಕ್ಕೆ ಸಾಕ್ಷ್ಯ ಧಾರಾಳವಾಗಿದೆ. 1959ರ ಆಗಸ್ಟ್ 31ರಂದು ತಿಮ್ಮಯ್ಯ ರಾಜೀನಾಮೆ ಸಲ್ಲಿಸಿದ್ದೂ ನೆಹರೂ ಮಾತಿಗೆ ಅದನ್ನು ಹಿಂಪಡೆದದ್ದೂ ನಿಜ. ಆದರೆ ಒಬ್ಬ ಸಚಿವನ ಸ್ವಭಾವದಿಂದ ಒಂದು ಸೈನ್ಯದ ಸೋಲಿಗೆ ಒಂದೇ ನೆಗೆತದಲ್ಲಿ ದಾಟಿಬಿಡುವ ಈ ವಾದ ಎಲ್ಲಿಂದ ಬಂತು, ಅಧ್ಯಯನಗಳು ಅದನ್ನು ಎಷ್ಟು ಉಳಿಸಿವೆ ಎಂದು ಯಾರೂ ಕೇಳುತ್ತಿಲ್ಲ.

ಮೊದಲ ಘಟ್ಟದ ಬರಹಗಳಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ಟಿ.ಜೆ.ಎಸ್. ಜಾರ್ಜ್ 1964ರಲ್ಲೇ ಮೆನನ್ನರ ಜೀವನಚರಿತ್ರೆ ಬರೆದರು; ಮೈಕೆಲ್ ಬ್ರೆಚರ್ 1968ರಲ್ಲಿ ಅವರೊಂದಿಗಿನ ದೀರ್ಘ ಸಂದರ್ಶನಗಳನ್ನು ಪ್ರಕಟಿಸಿದರು. ಆದರೆ ಜನಮನದಲ್ಲಿ ನಿಂತದ್ದು ಸೋತವರ ಆತ್ಮಕಥನಗಳು. ನಾಲ್ಕನೇ ಕೋರಿನ ದಳಪತಿ ಬಿ.ಎಂ. ಕೌಲ್ 1967ರಲ್ಲಿ, ಈಶಾನ್ಯ ಗಡಿಯ ನಮ್ಕಾ ಚು ಕಣಿವೆಯಲ್ಲಿ ಏಳನೇ ಬ್ರಿಗೇಡನ್ನು ನಡೆಸಿ ಸೆರೆಸಿಕ್ಕ ಜೆ.ಪಿ. ದಳವಿ 1969ರಲ್ಲಿ, ಗುಪ್ತಚರ ಮುಖ್ಯಸ್ಥ ಬಿ.ಎನ್. ಮಲ್ಲಿಕ್ 1971ರಲ್ಲಿ ಬರೆದರು. ಮೂವರೂ ಆ ಪ್ರಕರಣದಲ್ಲಿ ಕಕ್ಷಿದಾರರು. ಇವರಲ್ಲಿ ದಳವಿಯವರದು ನಿಸ್ಸಂದೇಹವಾಗಿ ಶ್ರೇಷ್ಠ ಪುಸ್ತಕ. ರವಿ ಬೆಳಗೆರೆಯವರ ಅನುವಾದದ ಮೂಲಕ ‘ಹಿಮಾಲಯನ್ ಬ್ಲಂಡರ್’ ಕನ್ನಡದ ಮನೆಮನೆಗೆ ತಲುಪಿತು. ಚಳಿಯಲ್ಲಿ ಹತ್ತಿಬಟ್ಟೆ ತೊಟ್ಟು ಕಾದಾಡಿದ ಸೈನಿಕರ ಸಂಕಟಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಆದರೆ ಕಣಿವೆಯಲ್ಲಿ ನಿಂತ ಬ್ರಿಗೇಡಿಯರಿಗೆ ದೆಹಲಿಯ ಕಡತಗಳು ಕಾಣುವಂತಿರಲಿಲ್ಲ. ಅವರ ಸಿಟ್ಟನ್ನೇ ನಾವು ಇತಿಹಾಸವೆಂದು ಓದಿಕೊಂಡೆವು. 1970ರಲ್ಲಿ ನೆವಿಲ್ ಮ್ಯಾಕ್ಸ್‌ವೆಲ್ ತಪ್ಪನ್ನೆಲ್ಲ ಭಾರತದ ಮೇಲೆ ಹೊರಿಸಿದಾಗ ಚರ್ಚೆ ಗಡಿಯ ಹಕ್ಕಿನತ್ತ ಹೊರಳಿತು. ಮೆನನ್ನರ ಚಿತ್ರ ಇದ್ದಲ್ಲೇ ಉಳಿಯಿತು.

ನಿಜವಾದ ತಿರುವು ಬಂದದ್ದು ದಾಖಲೆಗಳನ್ನು ಹಿಡಿದು ಕೂತವರಿಂದ. ಸ್ಟೀವನ್ ಹಾಫ್‌ಮನ್ 1990ರಲ್ಲಿ ನಿರ್ಧಾರಗಳು ಹೇಗೆ ರೂಪುಗೊಂಡವೆಂದು ಹಂತಹಂತವಾಗಿ ಬಿಡಿಸಿದರು. 2010ರಲ್ಲಿ ಶ್ರೀನಾಥ್ ರಾಘವನ್, ಸೇನಾ ಮುಖ್ಯಸ್ಥರು ಮೂಕಪ್ರೇಕ್ಷಕರಾಗಿರಲಿಲ್ಲ ಎಂಬುದನ್ನು ಮುಂದಿಟ್ಟರು. ಸ್ವತಃ ತಿಮ್ಮಯ್ಯನವರೇ ನಿವೃತ್ತರಾದ ಮೇಲೆ, 1962ರ ಜುಲೈನಲ್ಲಿ, ಭಾರತ ಒಂಟಿಯಾಗಿ ಚೀನಾವನ್ನು ಬಹಿರಂಗ ಯುದ್ಧದಲ್ಲಿ ಎದುರಿಸುವುದನ್ನು ಊಹಿಸಲಾರೆ, ಅದನ್ನು ತಪ್ಪಿಸುವುದು ರಾಜಕಾರಣಿಗಳ, ರಾಜತಾಂತ್ರಿಕರ ಕೆಲಸ ಎಂಬರ್ಥದಲ್ಲಿ ‘ಸೆಮಿನಾರ್’ ಪತ್ರಿಕೆಗೆ ಬರೆದಿದ್ದರು. 1961ರ ನವೆಂಬರ್ 2ರ ಸಭೆ ವಿವಾದಿತ ಗಡಿಯಲ್ಲಿ ಠಾಣೆಗಳನ್ನು ಮುಂದಕ್ಕೆ ಒಯ್ಯುವ ಮುನ್ನಡೆ ನೀತಿಯನ್ನು ಒಪ್ಪಿದಾಗ, ಮುಂಚೂಣಿ ಠಾಣೆಗಳ ಹಿಂದೆ ದೊಡ್ಡ ಪಡೆಗಳನ್ನು ನೆಲೆಗೊಳಿಸಬೇಕೆಂದೂ ಹೇಳಿತ್ತು. ಸೇನಾ ಕೇಂದ್ರ ಕಚೇರಿ ಡಿಸೆಂಬರಿನಲ್ಲಿ ಹೊರಡಿಸಿದ ಆದೇಶದಲ್ಲಿ ಆ ಭಾಗವೇ ಇರಲಿಲ್ಲ. ನಮ್ಕಾ ಚು ಪ್ರದೇಶದಿಂದ ಚೀನೀಯರನ್ನು ತೆರವುಗೊಳಿಸುವ ಲಿಖಿತ ಆದೇಶ ಸಹಿಯಾದ 1962ರ ಸೆಪ್ಟೆಂಬರ್ 22ರಂದು ಮೆನನ್ ನ್ಯೂಯಾರ್ಕಿನಲ್ಲಿದ್ದರು. ಸಹಿ ಹಾಕಿದವರು ಒಬ್ಬ ಜಂಟಿ ಕಾರ್ಯದರ್ಶಿ. ಇದು ಮೆನನ್ನರನ್ನು ಹೊಣೆಯಿಂದ ಬಿಡಿಸುವುದಿಲ್ಲ. ಹೊಣೆ ಎಷ್ಟು ಜನರಲ್ಲಿ ಹಂಚಿಹೋಗಿತ್ತೆಂದು ತೋರಿಸುತ್ತದೆ. 2019ರಲ್ಲಿ ಜೈರಾಮ್ ರಮೇಶ್ ಮೆನನ್ನರ ಖಾಸಗಿ ಪತ್ರಗಳನ್ನು ಬಳಸಿ ಬರೆದ ಜೀವನಚರಿತ್ರೆ, ಖಿನ್ನತೆಯಿಂದ ನರಳುತ್ತಿದ್ದ ಒಬ್ಬ ಒಂಟಿ ಮನುಷ್ಯನನ್ನು ಮರೆಮಾಚದೆ ತೋರಿಸಿತು. ಜೊತೆಗೇ ಮಿಗ್-21 ಒಪ್ಪಂದ, ಸೈನಿಕ ಶಾಲೆಗಳು, 1958ರ ರಕ್ಷಣಾ ಸಂಶೋಧನಾ ಸಂಸ್ಥೆ ಇವೆಲ್ಲ ಅದೇ ಸಚಿವನ ಕಾಲದವು ಎಂದು ನೆನಪಿಸಿತು. ಬೆಂಗಳೂರಿನ ಎಚ್‌ಎಎಲ್‌ನ ‘ಮಾರುತ್’ ವಿಮಾನ 1961ರಲ್ಲಿ ಮೊದಲು ಹಾರಿದ್ದೂ ಆಗಲೇ.

ಹಾಗಾದರೆ ಸ್ವಭಾವಕ್ಕೆ ಪಾತ್ರವೇ ಇಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಪಾತ್ರವುಂಟು, ಆದರೆ ಅದು ಯಾವ ದಾರಿಯಲ್ಲಿ ನಿರ್ಧಾರಕ್ಕೆ ತಲುಪಿತೆಂದು ತೋರಿಸಬೇಕು. ಗೋಪ್ಯತೆಯ ಹೆಸರಿನಲ್ಲಿ ಮೆನನ್ ತಮ್ಮ ಸಭೆಗಳ ನಡಾವಳಿ ಬರೆಯಬಾರದೆಂದರು. ಚುಚ್ಚುಮಾತಿಗೆ ಅಂಜಿ ಅಧಿಕಾರಿಗಳು ಬಾಯಿ ಕಟ್ಟಿಕೊಂಡರು, ಯಾರು ಏನು ಎಚ್ಚರಿಸಿದರೆಂಬುದು ಕಾಗದದ ಮೇಲೆ ಉಳಿಯಲಿಲ್ಲ. ಇಲ್ಲಿ ಸ್ವಭಾವದ ಕೆಡುಕು ಸ್ಪಷ್ಟ. ಆದರೆ ಚೀನಾ ತಿರುಗಿ ಹೊಡೆಯಲಾರದೆಂಬ ನಂಬಿಕೆ ಮೃದುಭಾಷಿ ನೆಹರೂಗೂ ಇತ್ತು, ಮಲ್ಲಿಕರಿಗೂ ಇತ್ತು. 1957ರಿಂದ ಕಾಡಿದ ವಿದೇಶಿ ವಿನಿಮಯದ ಕೊರತೆಗೂ ಯಾರ ಸಿಡುಕಿಗೂ ಸಂಬಂಧವಿಲ್ಲ. ಅದೇ ಸಿಡುಕ 1957ರಲ್ಲಿ ಭದ್ರತಾ ಮಂಡಳಿಯಲ್ಲಿ ಕಾಶ್ಮೀರದ ಕುರಿತು ಭಾರತದ ಪರವಾಗಿ ಸುಮಾರು ಎಂಟು ಗಂಟೆ ಮಾತಾಡಿದಾಗ ದೇಶ ಹೆಗಲ ಮೇಲೆ ಹೊತ್ತಿತ್ತು. ಗೆದ್ದಾಗ ಕೆಚ್ಚು ಎನಿಸಿದ ಗುಣ ಸೋತಾಗ ಕೊಬ್ಬು ಎನಿಸಿತು.

ಈ ಓದಿನ ತಪ್ಪಿಗೆ ನಾವು ಬೆಲೆಯನ್ನೂ ತೆತ್ತಿದ್ದೇವೆ. ಸಚಿವನ ಹಸ್ತಕ್ಷೇಪವೇ ಸೋಲಿಗೆ ಕಾರಣವೆಂದು ನಂಬಿದ ಮೇಲೆ, ಕಾರ್ಯಾಚರಣೆಯ ವಿಷಯದಲ್ಲಿ ಸೇನೆಯನ್ನು ಪ್ರಶ್ನಿಸದಿರುವುದೇ ರಾಜಕಾರಣಿಗಳ ಸಂಪ್ರದಾಯವಾಯಿತು ಎಂಬ ರಾಘವನ್ನರ ಮಾತನ್ನು ತಳ್ಳಿಹಾಕುವುದು ಕಷ್ಟ. ಸೋಲಿನ ಕಾರಣಗಳನ್ನು ಸೇನೆಯೇ ಪರಿಶೀಲಿಸಿದ 1963ರ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಯ ಒಂದು ಭಾಗವನ್ನು 2014ರಲ್ಲಿ ಮ್ಯಾಕ್ಸ್‌ವೆಲ್ ಹೊರಗೆಡವಿದರು. ಸರ್ಕಾರ ಅದನ್ನು ಅಧಿಕೃತವಾಗಿ ಬಿಡುಗಡೆ ಮಾಡಬೇಕು. ಕನ್ನಡದ ಪ್ರಕಾಶಕರು ಮತ್ತು ವಿಶ್ವವಿದ್ಯಾಲಯಗಳು ದಳವಿಯವರ ಪಕ್ಕದಲ್ಲಿ ಇಡಬಹುದಾದ ಇನ್ನೆರಡು ಪುಸ್ತಕಗಳನ್ನಾದರೂ ಕನ್ನಡಕ್ಕೆ ತರಬೇಕು. ಅಲ್ಲಿಯವರೆಗೆ ಮೆನನ್ನರ ಕೋಪವನ್ನು ಅಂಕಣಕಾರರು ಪುರಾವೆಯೆಂದು ಬಳಸದಿರಲಿ.